ಅಪ್ಪನ ಉಳಿಗಳಿಗೊಂದು ಆಮೀನ್

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 6

ಅಪ್ಪನ ಮರಗೆತ್ತನೆ ಉಳಿಗಳಿಗೆ ಎಣ್ಣೆ ಹಚ್ಚಿದೆ. ಇಪ್ಪತ್ತಮೂರು. ಅಪ್ಪ ಹೋದ ಮೇಲೂ ಸೋಮವಾರ ತಪ್ಪಿಸಿಲ್ಲ. ಅಣ್ಣ ಮತ್‌ಯಾಕುಬ್ ಬಾಗಿಲಿಗೊರಗಿ ನೋಡುತ್ತಿದ್ದ.

"ಸಾಕು ಮಾರಾಯ್ತಿ. ಶುಕ್ರವಾರ ಶೊನಜರ್ ಬರ್ತಾನೆ. ಉರ್ಗೆಂಚ್‌ನಲ್ಲಿ ಹೋಟೆಲ್ ತೆರೀತಿದಾನೆ. ಪೂರ್ತಿ ಸೆಟ್ ಬೇಕಂತೆ."

"ಕೆತ್ತೋಕಾ?"

"ಗೋಡೆಗೆ ನೇತುಹಾಕೋಕೆ. ಊಟದ ಹಾಲ್‌ನಲ್ಲಿ."

ಮುತ್ತಜ್ಜನ ಕಾಲದ ಉಳಿಗಳು. ಕಬಾಬ್ ಹೊಗೆಯಲ್ಲಿ ನೇತಾಡಬೇಕಂತೆ! ಮೈಯೆಲ್ಲ ಉರಿದುಹೋಯಿತು.

ಏಪ್ರಿಲ್ 8

ಉಳಿ ಹಿಡಿಯುವವರು ಯಾರಿದ್ದಾರೆ ಎಂದು ಅಣ್ಣ ಹೇಳುವುದೂ ಸುಳ್ಳಲ್ಲ. ಅವನು ಟ್ಯಾಕ್ಸಿ ಓಡಿಸುವವನು. ನಾನು ಕೆತ್ತಬಲ್ಲೆ — ಅಪ್ಪನ ಪಕ್ಕ ಹನ್ನೊಂದು ವರ್ಷ ಕೂತವಳು. ಆದರೆ ಫಾತಿಹಾ ಸಿಕ್ಕಿಲ್ಲ. ಗುರು ಕೈಯೆತ್ತಿ ಹರಸದೆ ಸ್ವಂತ ಕೆಲಸ ಹಿಡಿಯುವಂತಿಲ್ಲ. ಹಿಡಿದರೂ ನಮ್ಮ ಖೀವಾ ಊರಲ್ಲಿ ಯಾರೂ ನನ್ನ ಕೈಲಿ ಬಾಗಿಲು ಕೆತ್ತಿಸುವುದಿಲ್ಲ. "ಈ ಬಾಗಿಲು ಮುಗೀಲಿ ಜುಮಗುಲ್, ಕೊಡ್ತೀನಿ" ಅಂದಿದ್ದರು ಅಪ್ಪ. ಮುಗಿಸಿದೆ. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ?

ಏಪ್ರಿಲ್ 10, ಗುರುವಾರ

ಅಣ್ಣನಿಗೆ "ಆಗಲಿ" ಅಂದುಬಿಟ್ಟೆ. ಅಪ್ಪನ ಜೊತೆ ಕೆತ್ತುತ್ತಿದ್ದ ಹಿರಿಯ ಗುರು ಓತನಿಯಾಜ್ ಉಸ್ತಾದರನ್ನೂ ಕರೆದಿದ್ದಾನೆ, ಉಳಿಗಳು ಹಳೆಯವೇ ಎಂದು ಶೊನಜರ್‌ಗೆ ಹೇಳಲು. ಸೋಮವಾರ ಅಲ್ಲದಿದ್ದರೂ ಉಳಿಗಳಿಗೆ ಇನ್ನೊಮ್ಮೆ ಎಣ್ಣೆ ಹಚ್ಚಿದೆ.

ಏಪ್ರಿಲ್ 11, ಶುಕ್ರವಾರ. ಸಂಜೆ 5

ಬರೆದೇ ತೀರಬೇಕು.

ಚಹಾ ಆಯಿತು. ಶೊನಜರ್ ಒಂದು ಉಳಿ ಎತ್ತಿಕೊಂಡ. "ಹಿಡಿಗೆ ತೂತು ಕೊರೆದ್ರೆ ನೇತುಹಾಕೋಕೆ ಸಲೀಸು." ಉಸ್ತಾದರು ರೊಟ್ಟಿ ಮುರಿದರು. ಏಳುವ ಮುನ್ನ ಅಂಗೈ ತೆರೆದು ಹರಸಿದರು — ಮನೆಗೆ, ವ್ಯಾಪಾರಕ್ಕೆ. ಎಲ್ಲರ ಕೈಗಳೂ ಎದ್ದವು, ನನ್ನವೂ. ಆಮೀನ್ ಅಂದು ಎಲ್ಲರೂ ಮುಖ ಸವರಿಕೊಂಡರು.

ನಾನು ಸವರಿಕೊಳ್ಳಲಿಲ್ಲ. ಕೈ ತೆರೆದೇ ಕೂತೆ.

"ಇಳಿಸೇ," ಅಣ್ಣ ಗದರಿದ. "ಮಾನ ಕಳೀಬೇಡ."

"ನನ್ನ ಫಾತಿಹಾ ಬಾಕಿ ಇದೆ, ಉಸ್ತಾದ್." ಅಂದೆ.

ಅಂಗೈ ತೆರೆದು ಕೂತವರನ್ನು ಬಿಟ್ಟು ಹಿರಿಯರು ಏಳುವಂತಿಲ್ಲ. ಉಸ್ತಾದರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ದಡ್ಡುಗಟ್ಟಿದ ಕಡೆ ಹೆಬ್ಬೆರಳಿಂದ ಒತ್ತಿದರು.

"ಆ ಕೊನೇ ಬಾಗಿಲು. ಬಲಗಡೆ ಹಲಗೆ ನಿಮ್ಮಪ್ಪನ ಕೆಲಸ ಅಲ್ಲ. ಯಾರದು?"

"ನಂದು."

"ಬಳ್ಳಿ ಒಂದು ಕಡೆ ಸೊಟ್ಟ ಇದೆ."

"ಗೊತ್ತು."

ನನ್ನ ಕೈ ಬಿಟ್ಟರು. ಆಮೇಲೆ ಮತ್ತೆ ಅಂಗೈ ತೆರೆದರು. "ಈ ಉಳಿಗಳು ಈ ಹುಡುಗಿ ಕೈಯಲ್ಲೇ ಸವೀಲಿ. ಸೊಟ್ಟ ಹೋಗ್ಲಿ."

"ಆಮೀನ್!"

ಎಲ್ಲರಿಗಿಂತ ಮೊದಲು ಅಂದವನು ಶೊನಜರ್! ಹುಟ್ಟಿದಾಗಿನ ಅಭ್ಯಾಸ, ಪಾಪ. ಮುಖ ಸವರಿಕೊಳ್ಳುತ್ತಿದ್ದವನು ಅರ್ಧಕ್ಕೇ ನಿಂತ. ಆಮೀನ್ ಅಂದ ಮೇಲೆ ಉಳಿ ಕೇಳಲು ಮುಖ ಎಲ್ಲಿಂದ ಬರಬೇಕು? ನಗುವೂ ಬಂತು, ಅಳುವೂ ಬಂತು.

ಅಣ್ಣ ಮಾತ್ರ ಕೈ ಎತ್ತಿರಲಿಲ್ಲ.

ಏಪ್ರಿಲ್ 12. ಬೆಳಿಗ್ಗೆ 6

ಎದ್ದು ನೋಡಿದರೆ ಉಳಿಪೆಟ್ಟಿಗೆ ಇಲ್ಲ. ಹೊರಗೆ ಓಡಿದೆ. ಪೆಟ್ಟಿಗೆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ.

"ಎಲ್ಲಿಗೆ ಸಾಗಿಸ್ತಿದೀಯ?"

"ಉಸ್ತಾದರ ಮನೆಗೆ. ನಾನೇನೂ ಆಮೀನ್ ಅಂದಿಲ್ಲ, ನೆನಪಿಟ್ಕೊ." ನನ್ನ ಮುಖ ನೋಡಲಿಲ್ಲ. "ಹತ್ತು ಬೇಗ. ಮೊದಲು ಆ ಸೊಟ್ಟ ತಿದ್ಕೊ."

ಶಾಲು ತರುತ್ತೇನೆಂದು ಒಳಗೆ ಬಂದವಳು ಇದನ್ನು ಬರೆಯುತ್ತಿದ್ದೇನೆ. ಹಾರ್ನ್ ಹೊಡೆಯುತ್ತಲೇ ಇದ್ದಾನೆ. ಉಳಿದದ್ದು ಬಂದ ಮೇಲೆ.