ಮಾಮಾನಿಗೆ ಬಡಿದ ರೊಟ್ಟಿ

ನೌಬಾದ, ಬೀದರ

ಭಾಲ್ಕಿಯ ಪಂಢರಿ ಮಾಮಾ ಅವರಿಗೆ ಜೈಭೀಮ.

ಬರಗಾಲ ಬಿದ್ದು ಅವ್ವ-ಅಪ್ಪ ಔರಾದ ಬಿಟ್ಟು ಪುಣೆಗೆ ದುಡಿಯಲು ಹೋದರು. ನಾನು ನಿಮ್ಮ ಮಗನನ್ನು ಮದುವೆಯಾಗಲು ಒಲ್ಲೆನೆಂದು ವಿಶ್ವವಿದ್ಯಾಲಯ ಸೇರಿದೆ. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀವು, “ಅಳಕೋತ ತಿರುಗಿ ಬರ್ತಾಳ, ನೋಡ್ತಿರ್ರಿ” ಎಂದು ಎಲ್ಲರೆದುರು ನಕ್ಕಿರಿ.

ಅತ್ತಿದ್ದು ನಿಜ. ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಪರೀಕ್ಷೆ ಎಂದರೆ ಊಟ ಸೇರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಇಮಾಮಬೀ ಒಂದು ದಿನ ನನ್ನನ್ನು ಹಿಟ್ಟಿನ ಮುಂದೆ ಕೂರಿಸಿ, “ಯಾರ ಮ್ಯಾಲ ಸಿಟ್ಟದ, ಅವರನ್ನ ನೆನಸಿ ರೊಟ್ಟಿ ಬಡಿ, ಬೇಟಿ” ಎಂದರು.

ನಿಮ್ಮನ್ನು ನೆನೆಸಿದೆ. ಅಂಗೈ ಬಿದ್ದಲ್ಲೆಲ್ಲ ನಿಮ್ಮ ಆ ನಗುಮುಖವೇ ಕಂಡಿತು. ದಿನಾ ಸಂಜೆ ಬಡಿದೆ. ಊಟ ಸೇರಿತು, ಪರೀಕ್ಷೆಯೂ ಪಾಸಾಯಿತು. ಈಗ ನನ್ನಷ್ಟು ತೆಳ್ಳಗೆ ಇಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ.

ಇದರ ಜೊತೆ ಒಂದು ಗಂಟು ಕಡಕ್ ರೊಟ್ಟಿ ಕಳಿಸಿದ್ದೇನೆ. ಎಲ್ಲವೂ ನಿಮ್ಮನ್ನು ನೆನೆಸಿಯೇ ಬಡಿದವು. ಅಂದು ನಿಮ್ಮ ಜೊತೆ ನಕ್ಕವರಿಗೂ ಹಂಚಿರಿ. ರುಚಿ ಹೇಗೆ ಬಂತೆಂದು ಕೇಳಿದರೆ ಈ ಪತ್ರ ಓದಿ ಹೇಳಿರಿ.

ಕ್ಷಮೆ ಕೇಳಲು ಮಾತ್ರ ಈಗಲೇ ಬರಬೇಡಿ, ಮಾಮಾ. ಇನ್ನೂ ಬಹಳ ಪರೀಕ್ಷೆಗಳಿವೆ. ನನಗೆ ಈ ಸಿಟ್ಟು ಬೇಕು.

ತಿರುಗಿ ಬರದ ನಿಮ್ಮ ತಂಗಿಯ ಮಗಳು,
ಗೌತಮಿ