ಬಿಳಿ ಡ್ರಮ್ಮಿಗೆ ಬಿದ್ದ ಗೋಲಿ

ಬಾಸ್ಸೆ, ಗ್ಯಾಂಬಿಯಾ

ರೀ,

ಅಧ್ಯಕ್ಷರ ಚುನಾವಣೆಗೆ ಇವತ್ತು ಓಟಿನ ಗೋಲಿಯನ್ನು ಡ್ರಮ್ಮಿಗೆ ಹಾಕಿ ಬಂದೆ. ಕಣ್ಣು ಮುಚ್ಚೋ ಮುಂಚೆ ನೀವು, "ವಕೀಲನಿಗೇ ಹಾಕು ಜಾಂಕೆ, ನೆಲಗಡಲೆಗೆ ಬೆಲೆ ಕೊಡಿಸೋನು ಅವನೇ. ನಿನಗೊಬ್ಬಳಿಗೇ ಹೇಳ್ತಿದ್ದೀನಿ" ಅಂದಿದ್ರಲ್ಲ, ಆ ಮಾತನ್ನು ಒಡವೆ ಥರ ಮುಚ್ಚಿಟ್ಟುಕೊಂಡಿದ್ದೆ.

ಸಾಲಿನಲ್ಲಿ ನಿಮ್ಮ ಕಿರಿಯ ಹೆಂಡತಿ ಸಾತೂ ನನ್ನ ಕಿವಿಯಲ್ಲಿ, "ಅಕ್ಕಾ, ಯಾರಿಗೂ ಹೇಳ್ಬೇಡಿ. ವಕೀಲನಿಗೆ ಹಾಕು ಅಂತ ಅವರು ನನಗೊಬ್ಬಳಿಗೇ ಹೇಳಿದ್ರು" ಅಂದಳು.

ಅಂದ್ರೆ ಅದೇ ಮಾತನ್ನು ಅವಳಿಗೂ ಹೇಳಿದ್ರಿ. ಪರದೆಯ ಹಿಂದೆ ಸಾಲಾಗಿಟ್ಟಿದ್ದ ಅಭ್ಯರ್ಥಿಗಳ ಡ್ರಮ್ಮುಗಳಲ್ಲಿ ವಕೀಲನ ನೀಲಿ ಡ್ರಮ್ಮು ಬಿಟ್ಟು, ಅವನ ಎದುರು ನಿಂತಿರೋ ಆ ಬಾಯಿಬಡುಕ ವ್ಯಾಪಾರಿಯ ಬಿಳಿ ಡ್ರಮ್ಮಿಗೆ ಗೋಲಿ ಹಾಕಿದೆ. ಯಾವುದಕ್ಕೆ ಬಿದ್ದರೂ ಒಳಗಿನ ಗಂಟೆ ಒಂದೇ ಥರ ಢಣ್ ಅನ್ನುತ್ತೆ.

ಹೊರಗೆ ಸಾತೂ ಕೈ ಹಿಡಿದಳು. "ಅವರ ಮಾತು ಉಳಿಸಿದ್ವಿ ಅಲ್ವಾ ಅಕ್ಕಾ?"

ಹೂಂ ಅಂದೆ.

ನೆಲಗಡಲೆ ಬೆಲೆ ಹಾಳಾಗಿ ಹೋಗಲಿ. ನಿಮ್ಮ ನನ್ನ ನಡುವೆ ಅವಳಿಗೆ ಗೊತ್ತಿಲ್ಲದ ಗುಟ್ಟು ಈಗ ಒಂದಾದರೂ ಇದೆ.