ಮಲಗಿದ ಗಂಟೆಗೂ ನಿಮ್ಮ ಮುದ್ರೆ

ಆಸ್ಟಿಯೋಪಥಿ ಶಾಲೆಗಳ ತರಬೇತಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನೀವು ಒಪ್ಪಿದ ತರಬೇತಿಯ ಫಲವಾಗಿ ನನ್ನ ಅಪ್ಪನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶವೇ ತಿಳಿಯುತ್ತಿಲ್ಲ. ದೂರು ಕೊಟ್ಟೆ. "ಚಿಕಿತ್ಸಕಿಯ ತರಬೇತಿ ಗಂಟೆಗಳು ನಿಯಮಾನುಸಾರ ಇವೆ" ಎಂದು ಒಂದೇ ಸಾಲಿನ ಉತ್ತರ ಬಂತು. ಆ ಸಾಲಿಗೆ ಈಗ ನಾನು ಎಲ್ಲರೂ ಓದುವಂತೆ ಉತ್ತರ ಬರೆಯುತ್ತಿದ್ದೇನೆ. ನಿಮಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ಅಪ್ಪ ಕೊರಗಪ್ಪ ಇಲ್ಲಿ ದುಬೈಯ ಅಲ್ ಮುರಕ್ಕಬಾತಿನ ಒಂದು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೈಗಡಿಯಾರ ರಿಪೇರಿ ಮಾಡುತ್ತಿದ್ದಾರೆ. ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿತ್ತು. ಮೂಳೆ, ಕೀಲು, ಸ್ನಾಯುಗಳನ್ನು ಬರಿಗೈಯಿಂದಲೇ ಒತ್ತಿ, ತಿರುಗಿಸಿ ಸರಿಮಾಡುವ ಈ ವಿದ್ಯೆಯ ಕರಪತ್ರ ಓದಿ, ನಂಬಿ, ನಾನೇ ಅವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಸ್ಟೇಸಿ ಎಂಬ ಹೊಸ ಚಿಕಿತ್ಸಕಿ ಕುತ್ತಿಗೆ ತಿರುಗಿಸಿದಳು. ಟಕ್ ಎಂದಿತು. ನರಕ್ಕೆ ಪೆಟ್ಟಾಗಿದೆ, ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಆಮೇಲೆ ನೋಡಿದ ಡಾಕ್ಟರು.

"ಸ್ಕ್ರೂ ಹಿಡಿದಿದ್ದೇನಾ ಬಿಟ್ಟಿದ್ದೇನಾ ಅಂತ ಈಗ ಕಣ್ಣಲ್ಲಿ ನೋಡಿಯೇ ಗೊತ್ತಾಗ್ಬೇಕು ಮಗಾ" ಎನ್ನುತ್ತಾರೆ ಅಪ್ಪ.

ಅಂಗಡಿಯ ಮಾಲೀಕ ಇಮ್ತಿಯಾಜ್ ಮೊದಮೊದಲು ತಮಾಷೆ ಮಾಡುತ್ತಿದ್ದರು: "ಕೊರಗಪ್ಪಣ್ಣ, ಬೆಳಿಗ್ಗೆ ಬಿದ್ದ ಸ್ಕ್ರೂ ಹುಡುಕುವಷ್ಟರಲ್ಲಿ ನನ್ನ ಎರಡು ನಮಾಜು ಆಯ್ತಲ್ಲ!" ಕಳೆದ ವಾರ ತಮಾಷೆ ಇರಲಿಲ್ಲ. "ಇನ್ನೆರಡು ತಿಂಗಳು ನೋಡುವ. ಆಮೇಲೆ ಖಲಾಸ್, ನನ್ನ ಕೈಯಲ್ಲೂ ಇಲ್ಲ." ಕೆಲಸ ಹೋದರೆ ವೀಸಾ ಹೋಗುತ್ತದೆ. ಇದನ್ನು ನಿಮಗೆ ವಿವರಿಸಬೇಕೆ?

ನಾನು ವೈದ್ಯೆಯಲ್ಲ. ಶಿಕ್ಷಣ ಮೇಳಗಳಲ್ಲಿ ಪುಕ್ಕಟೆ ಹಂಚುವ ಕೈಪಿಡಿಗಳೇ ನನ್ನ ವಿಶ್ವವಿದ್ಯಾಲಯ. ನೀವು 'ಸರಿಸಮಾನ' ಎಂದು ಘೋಷಿಸಿದ ಮೂರು ಶಾಲೆಗಳ ಕೈಪಿಡಿಗಳನ್ನು ಎದುರುಬದುರು ಇಟ್ಟುಕೊಂಡು ಓದಿದೆ. ಮೂರರಲ್ಲೂ ಮುನ್ನೂರು ಗಂಟೆ ಕೈತರಬೇತಿ ಎಂದೇ ಇದೆ. ಮೊದಲ ಶಾಲೆಯಲ್ಲಿ ಕೊನೆಯ ಪರೀಕ್ಷೆಯ ದಿನ ಪರೀಕ್ಷಕರೇ ಮೇಜಿನ ಮೇಲೆ ಮಲಗುತ್ತಾರೆ; ವಿದ್ಯಾರ್ಥಿಯ ಕೈ ತಮ್ಮ ಕುತ್ತಿಗೆಯ ಮೇಲೆ ಹೇಗೆ ಕೂತಿತು ಎಂದು ನೋಡಿ ಅಂಕ ಕೊಡುತ್ತಾರೆ. ಎರಡನೆಯದರಲ್ಲಿ ವಿಡಿಯೋ ನೋಡಿದ್ದೂ ಕೈತರಬೇತಿಯೇ. ಮೂರನೆಯದು ಸ್ಟೇಸಿ ಕಲಿತ ಶಾಲೆ. ಅದರ ಗುಟ್ಟು ಕೈಪಿಡಿಯಲ್ಲಿರಲಿಲ್ಲ. ಅದನ್ನು ಹೇಳಿದವಳು ಸ್ಟೇಸಿಯೇ, ನಮ್ಮ ಮನೆಗೆ ಬಂದು, ಅಪ್ಪನ ಮುಖ ನೋಡಲಾಗದೆ.

"ಮುನ್ನೂರು ಗಂಟೆ ಸುಳ್ಳಲ್ಲ ಸುಪ್ರೀತಾ. ಆದ್ರೆ ಅದ್ರಲ್ಲಿ ಅರ್ಧ ನಾನು ಮಲಗಿದ್ದು. ನಾವು ಒಬ್ಬರ ಮೇಲೊಬ್ಬರು ಕಲಿಯೋದಲ್ವಾ? ಒತ್ತಿದವಳ ಪುಸ್ತಕದಲ್ಲೂ ಒಂದು ಗಂಟೆ ಬರೀತಿದ್ರು, ಒತ್ತಿಸಿಕೊಂಡವಳ ಪುಸ್ತಕದಲ್ಲೂ ಒಂದು ಗಂಟೆ."

"ಮಲಗಿ ಏನು ಕಲಿತೆ?"

"ಕೆಲವೊಮ್ಮೆ ನಿದ್ದೆ ಬರ್ತಿತ್ತು."

ಅಪ್ಪ ನಕ್ಕುಬಿಟ್ಟರು. "ಪಾಪ, ಆ ಹುಡುಗಿಗೆ ಚಾ ಕೊಡು" ಎಂದರು. ಅಪ್ಪ ಕ್ಷಮಿಸಿದರು. ಸ್ಟೇಸಿಯನ್ನು ನಾನೂ ಕ್ಷಮಿಸಿದ್ದೇನೆ. ನಿಜ ಹೇಳುವ ಧೈರ್ಯ ಅವಳಿಗಿತ್ತು. ನಿಮ್ಮನ್ನು ಕ್ಷಮಿಸುವ ಉದ್ದೇಶ ನನಗಿಲ್ಲ.

ಮಾನ್ಯರೇ, ಕ್ಷೌರಕ್ಕೆ ತಲೆ ಕೊಟ್ಟು ಕುಳಿತ ಗಂಟೆಗಳೂ ತರಬೇತಿಯಾದರೆ ನಮ್ಮ ದೇರಾ ಪೇಟೆಯ ಗಂಡಸರೆಲ್ಲ ಕ್ಷೌರಿಕರೇ ಅಲ್ಲವೇ? ನಾಳೆ ಅವರಲ್ಲಿ ಯಾರ ಕೈಗಾದರೂ ಕತ್ತಿ ಕೊಟ್ಟು ನಿಮ್ಮ ಗಲ್ಲ ಒಡ್ಡುತ್ತೀರಾ? ಸಂಖ್ಯೆ ನೋಡಿ ಮುದ್ರೆ ಒತ್ತಿದಿರಿ. ಆ ಗಂಟೆಗಳಲ್ಲಿ ಯಾರ ಕೈ ಯಾರ ಮೇಲಿತ್ತು ಎಂದು ಒಮ್ಮೆಯಾದರೂ ಕೇಳಿದಿರಾ?

ಮಲಗಿದ ಗಂಟೆಗಳನ್ನು, ನೋಡಿದ ಗಂಟೆಗಳನ್ನು ರದ್ದು ಮಾಡಿ. ಹಾಗೆ ಪಾಸಾದವರು ಮತ್ತೆ ಕಲಿಯುವ ತನಕ ಯಾರ ಕುತ್ತಿಗೆಯನ್ನೂ ಮುಟ್ಟದಂತೆ ಆದೇಶಿಸಿ. ಪ್ರತಿ ಶಾಲೆಯಲ್ಲಿ ನಿಜವಾಗಿ ಕೈಯಾಡಿದ ಗಂಟೆಗಳೆಷ್ಟು ಎಂದು ಪ್ರಕಟಿಸಿ. ಇದಾವುದೂ ಬೇಡ, ಈಗಿನ ನಿಯಮವೇ ಸರಿ ಎನ್ನುವಿರಾದರೆ, ಆ ಮೊದಲ ಶಾಲೆಯ ಪರೀಕ್ಷಕರಂತೆ ನೀವೂ ಒಮ್ಮೆ ಮಲಗಿ. ಮೂರನೆಯ ಶಾಲೆಯಿಂದ ಈ ವರ್ಷ ಪಾಸಾದವರೊಬ್ಬರನ್ನು ನೀವೇ ಆರಿಸಿ. ಸಭಾಂಗಣ ನಾನು ಹುಡುಕುತ್ತೇನೆ. ಮೊದಲ ಸಾಲಿನಲ್ಲಿ ಅಪ್ಪನನ್ನು ಕೂರಿಸುತ್ತೇನೆ.

ಹೆದರಬೇಡಿ. ಕುತ್ತಿಗೆ ಸಡಿಲ ಬಿಡಿ. ನಿಯಮಾನುಸಾರ ತಿರುಗಿಸುತ್ತಾರೆ.

ಇಂತಿ,
ಬೆಳಿಗ್ಗೆ ಅಪ್ಪನ ಅಂಗಿಗೆ ಗುಂಡಿ ಹಾಕಿಕೊಟ್ಟು ಬಂದು ಇದನ್ನು ಬರೆದ
ಸುಪ್ರೀತಾ
ಅಲ್ ಮುರಕ್ಕಬಾತ್, ದುಬೈ